ಕರ್ನಲ್‌ನ ನೆಟ್‌ವರ್ಕ್ ಪ್ಯಾಚ್‌ಗೆ ಒಪ್ಪಿಗೆ ಬರೆಯುವ ಮುನ್ನ

ಲಿನಕ್ಸ್ ಕರ್ನಲ್‌ನ ಉಳಿದ ಭಾಗಗಳಿಗೂ ನೆಟ್‌ವರ್ಕ್ ಭಾಗಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಫೈಲ್ ಸಿಸ್ಟಮ್‌ನ ಕೋಡ್‌ಗೆ ಕೆಟ್ಟ ದತ್ತಾಂಶ ತಲುಪಬೇಕಾದರೆ ಸಾಮಾನ್ಯವಾಗಿ ಯಾರಾದರೂ ಡಿಸ್ಕ್ ತಂದು ಜೋಡಿಸಬೇಕು. ನೆಟ್‌ವರ್ಕ್ ಕೋಡ್‌ಗೆ ಆ ಕಷ್ಟವಿಲ್ಲ. ಭೂಮಿಯ ಇನ್ನೊಂದು ತುದಿಯಲ್ಲಿ ಕುಳಿತವನು ತನಗೆ ಬೇಕಾದ ಬೈಟ್‌ಗಳನ್ನು ಜೋಡಿಸಿ ಕಳುಹಿಸಿದರೆ ಸಾಕು. ಹಾಗಾಗಿ ಪ್ರೋಟೊಕಾಲ್ ಪ್ಯಾಚ್ (ಯಂತ್ರಗಳು ಮಾತನಾಡುವ ನಿಯಮಗಳ ಕೋಡ್‌ಗೆ ತರುವ ಬದಲಾವಣೆ) ಪರಿಶೀಲಿಸುವವರು ಅದನ್ನು ಬರೆದವರ ಕಣ್ಣಿನಿಂದ ಓದಿದರೆ ಅರ್ಧ ಕೆಲಸವಷ್ಟೇ ಆಗುತ್ತದೆ. ಪ್ಯಾಕೆಟ್ ಕಳುಹಿಸುವವನ ಕಣ್ಣಿನಿಂದ ಓದಬೇಕು. ಅವನು ಸಭ್ಯನಲ್ಲ ಎಂದೇ ಇಟ್ಟುಕೊಳ್ಳಬೇಕು.

ಸಿ ಭಾಷೆ ಗೊತ್ತಿದ್ದು, ಕರ್ನಲ್ ಕಂಪೈಲ್ ಮಾಡಿ ಅಭ್ಯಾಸವಿದ್ದು, ‘ಬೇರೆಯವರ ಪ್ಯಾಚ್ ಬಗ್ಗೆ ಮಾತನಾಡಲು ನಾನು ಯಾರು’ ಎಂದು ಹಿಂಜರಿಯುವವರಿಗಾಗಿ ಇದನ್ನು ಬರೆದಿದ್ದೇನೆ. ನೆಟ್‌ವರ್ಕ್ ವಿಭಾಗದ ಅಧಿಕೃತ ದಾಖಲೆಯೇ ಪರಿಣತಿ ಎಷ್ಟಿದ್ದರೂ ಪರಿಶೀಲನೆಗೆ ಬನ್ನಿ ಎಂದು ಕರೆಯುತ್ತದೆ. ಯಾರ ಮಾತಿಗೆ ಎಷ್ಟು ತೂಕ ಕೊಡಬೇಕೆಂಬುದು ಪ್ಯಾಚ್ ಸ್ವೀಕರಿಸುವ ಹೊಣೆ ಹೊತ್ತ ಮೇಂಟೇನರ್‌ಗಳಿಗೆ ಗೊತ್ತಿರುತ್ತದೆ. ಆ ಚಿಂತೆ ನಿಮಗೆ ಬೇಡ.

ಮೊದಲು ಪ್ಯಾಚ್ ಯಾವ ಕಡೆಗೆ ಹೊರಟಿದೆ ನೋಡಿ

ನೆಟ್‌ವರ್ಕ್ ವಿಭಾಗಕ್ಕೆ ಎರಡು ಗಿಟ್ ಟ್ರೀಗಳಿವೆ, ಅಂದರೆ ಕೋಡ್ ಸಂಗ್ರಹಗಳು. ‘ನೆಟ್’ ಎಂಬುದು ಈಗಾಗಲೇ ಬಿಡುಗಡೆಯ ಹಾದಿಯಲ್ಲಿರುವ ಕೋಡ್‌ನ ದೋಷ ಸರಿಪಡಿಸಲು. ‘ನೆಟ್-ನೆಕ್ಸ್ಟ್’ ಎಂಬುದು ಹೊಸ ಸೌಲಭ್ಯಗಳಿಗೆ. ಪ್ಯಾಚ್‌ನ ವಿಷಯ ಸಾಲಿನಲ್ಲೇ ಚೌಕ ಕಂಸದೊಳಗೆ ಇದು ನಮೂದಾಗಿರಬೇಕು. ದೋಷ ನಿವಾರಣೆ ಎಂದು ಹೇಳಿಕೊಂಡು ‘ನೆಟ್’ಗೆ ಬಂದ ಪ್ಯಾಚ್ ಜೊತೆಯಲ್ಲಿ ಹೊಸ ಸೌಲಭ್ಯವನ್ನೂ ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದರೆ, ಅಲ್ಲೇ ತಡೆಯಿರಿ. ದೋಷ ನಿವಾರಣೆಯಾದರೆ ‘ಫಿಕ್ಸಸ್’ ಎಂಬ ಸಾಲು ಇರಲೇಬೇಕು: ದೋಷ ಹುಟ್ಟಿಸಿದ ಕಮಿಟ್‌ನ (ಟ್ರೀಯಲ್ಲಿ ದಾಖಲಾದ ಬದಲಾವಣೆಯ) ಗುರುತಿನ ಮೊದಲ 12 ಅಕ್ಷರಗಳು, ಆಮೇಲೆ ಆ ಕಮಿಟ್‌ನ ಶೀರ್ಷಿಕೆ. ಆ ಕಮಿಟ್ ತೆರೆದು ನೋಡುವುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ದೋಷ ನಿಜಕ್ಕೂ ಅಲ್ಲೇ ಹುಟ್ಟಿತೇ, ಇನ್ನೂ ಹಿಂದೆಯೇ ಇತ್ತೇ? ಹಳೆಯ ಸ್ಥಿರ ಆವೃತ್ತಿಗಳಲ್ಲಿ ಯಾವುದಕ್ಕೆ ಈ ತಿದ್ದುಪಡಿ ಹೋಗಬೇಕು ಎಂಬುದನ್ನು ಈ ಸಾಲು ನೋಡಿಯೇ ತೀರ್ಮಾನಿಸುವುದರಿಂದ, ಇಲ್ಲಿ ತಪ್ಪಿದರೆ ಯಾವುದೋ ಸರ್ವರ್‌ಗೆ ಔಷಧ ತಲುಪುವುದೇ ಇಲ್ಲ.

ಲೈನಸ್ ಟೊರ್ವಾಲ್ಡ್ಸ್ ಹೊಸ ಆವೃತ್ತಿ ಬಿಡುಗಡೆ ಮಾಡಿದ ನಂತರದ ಎರಡು ವಾರ ‘ನೆಟ್-ನೆಕ್ಸ್ಟ್’ ಮುಚ್ಚಿರುತ್ತದೆ. ಆಗ ಬಂದ ಹೊಸ ಸೌಲಭ್ಯದ ಪ್ಯಾಚ್‌ಗೆ ‘ಬಾಗಿಲು ತೆರೆದ ಮೇಲೆ ಮತ್ತೆ ಕಳುಹಿಸಿ’ ಎಂದಷ್ಟೇ ಉತ್ತರ. ಚರ್ಚೆಗೆಂದು ಕಳುಹಿಸಿದ ಕರಡು ಪ್ಯಾಚ್‌ಗಳಿಗೆ ಮಾತ್ರ ಈ ನಿರ್ಬಂಧವಿಲ್ಲ. ಒಂದು ಸರಣಿಯಲ್ಲಿ 15ಕ್ಕಿಂತ ಹೆಚ್ಚು ಪ್ಯಾಚ್ ಇದ್ದರೆ ಒಡೆದು ತರಲು ಹೇಳಿ. ಅಷ್ಟನ್ನು ಒಂದೇ ಬಾರಿಗೆ ಶ್ರದ್ಧೆಯಿಂದ ಓದುವ ಮನುಷ್ಯ ಇನ್ನೂ ಹುಟ್ಟಿಲ್ಲ.

ಟಿಪ್ಪಣಿ ಮೊದಲು, ಕೋಡ್ ಆಮೇಲೆ

ಕಮಿಟ್ ಟಿಪ್ಪಣಿಯಲ್ಲಿ ‘ಏನು ಮಾಡಿದೆ’ ಎಂಬುದಕ್ಕಿಂತ ‘ಏಕೆ ಮಾಡಬೇಕಾಯಿತು’ ಎಂಬುದು ಮುಖ್ಯ. ವೇಗ ಹೆಚ್ಚಿತು ಎಂದರೆ ಅಳತೆ ಎಲ್ಲಿ? ಕರ್ನಲ್ ಕುಸಿಯುತ್ತಿತ್ತು ಎಂದರೆ ಕುಸಿದಾಗಿನ ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಎಂಬ ಪಟ್ಟಿ) ಎಲ್ಲಿ? ಟಿಪ್ಪಣಿ ಓದಿ ಮುಗಿಸಿದ ಮೇಲೆ, ಕೋಡ್ ನೋಡದೆ, ನೀವೇ ಆ ಬದಲಾವಣೆ ಹೇಗೆ ಮಾಡುತ್ತಿದ್ದಿರಿ ಎಂದು ಎರಡು ನಿಮಿಷ ಯೋಚಿಸಿ. ಆಮೇಲೆ ಕೋಡ್ ತೆರೆದರೆ ನಿಮ್ಮ ದಾರಿಗೂ ಅವರ ದಾರಿಗೂ ಇರುವ ವ್ಯತ್ಯಾಸ ಎದ್ದು ಕಾಣುತ್ತದೆ. ಪ್ರಶ್ನೆಗಳು ಹುಟ್ಟುವುದು ಅಲ್ಲೇ.

ಪ್ಯಾಚ್‌ಗಳು ಮಿಂಚಂಚೆ ಪಟ್ಟಿಗೆ ಬರುತ್ತವೆ; ಅಲ್ಲಿ ಕಾಣುವ ತುಣುಕನ್ನು ಮಾತ್ರ ಓದಿ ಒಪ್ಪಿಗೆ ಕೊಡಬೇಡಿ. ‘ಬಿ4’ ಎಂಬ ಸಲಕರಣೆಯ ‘ಶಜಾಮ್’ ಆದೇಶಕ್ಕೆ ಸಂದೇಶದ ಗುರುತು ಕೊಟ್ಟರೆ ಇಡೀ ಸರಣಿ ನಿಮ್ಮ ಶಾಖೆಯ ಮೇಲೆ ಬಂದು ಕೂರುತ್ತದೆ. ಎರಡನೆಯ, ಮೂರನೆಯ ಆವೃತ್ತಿಯ ಪ್ಯಾಚ್ ಆಗಿದ್ದರೆ ಅದೇ ಸಲಕರಣೆಯ ‘ಡಿಫ್’ ಆದೇಶ ಹಿಂದಿನ ಆವೃತ್ತಿಗೂ ಇದಕ್ಕೂ ಏನು ಬದಲಾಗಿದೆ ಎಂದು ತೋರಿಸುತ್ತದೆ. ಬರೆದವರು ‘ಬದಲಾಯಿಸಿದ್ದೇನೆ’ ಎಂದು ಪಟ್ಟಿ ಮಾಡಿದ್ದರಲ್ಲಿ ಇಲ್ಲದ ಬದಲಾವಣೆ ಆಗಾಗ ಅಲ್ಲಿ ಸಿಗುತ್ತದೆ.

ಪ್ಯಾಕೆಟ್‌ನ ಜೊತೆ ನಡೆಯಿರಿ

ಈಗ ನಿಜವಾದ ಕೆಲಸ. ಕಡತದ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುವ ಅಭ್ಯಾಸ ಬಿಡಿ. ಪ್ಯಾಕೆಟ್ ಎಲ್ಲಿ ಒಳಬರುತ್ತದೋ ಅಲ್ಲಿ ಶುರು ಮಾಡಿ, ಅದು ಎಲ್ಲಿ ಬಿಡುಗಡೆಯಾಗುತ್ತದೋ ಅಲ್ಲಿ ನಿಲ್ಲಿಸಿ. ಪ್ರತಿ ಹೆಜ್ಜೆಯಲ್ಲೂ ಒಂದೇ ಪ್ರಶ್ನೆ: ಈ ಬೈಟ್ ಇಲ್ಲಿ ಇದೆ ಎಂದು ಯಾರು ಖಾತರಿ ಮಾಡಿದರು?

ಒಂದು ಪ್ಯಾಚ್ ಊಹಿಸಿಕೊಳ್ಳಿ. ಯುಡಿಪಿ ಮೇಲೆ ಓಡುವ ಸುರಂಗ ಪ್ರೋಟೊಕಾಲ್ (ಒಂದು ಪ್ಯಾಕೆಟ್‌ನೊಳಗೆ ಇನ್ನೊಂದನ್ನು ಹೊತ್ತೊಯ್ಯುವಂಥದು) ಒಂದರ ಹೆಡರ್‌ಗೆ ಹೊಸ ಆಯ್ಕೆ ಸೇರಿಸುತ್ತಿದ್ದಾರೆ. ಫಂಕ್ಷನ್‌ನ ಆರಂಭದಲ್ಲೇ ಐಪಿ ಹೆಡರ್‌ನತ್ತ ಒಂದು ಪಾಯಿಂಟರ್ ಹಿಡಿದಿದ್ದಾರೆ. ಸ್ವಲ್ಪ ಕೆಳಗೆ ‘ಪಿಎಸ್‌ಕೆಬಿ_ಮೇ_ಪುಲ್’ ಕರೆದು, ಹೊಸ ಆಯ್ಕೆ ಓದಲು ಬೇಕಾದಷ್ಟು ಬೈಟ್‌ಗಳು ಬಫರ್‌ನ ನೇರ ಭಾಗದಲ್ಲಿ (ಒಂದೇ ಸಾಲಿನ ಮೆಮೊರಿಯಲ್ಲಿ) ಇವೆಯೇ ಎಂದು ಖಚಿತಪಡಿಸಿಕೊಂಡಿದ್ದಾರೆ. ಶಾಭಾಷ್ ಅನ್ನಿಸುತ್ತದೆ. ಇನ್ನೂ ಕೆಳಗೆ, ಆರಂಭದಲ್ಲಿ ಹಿಡಿದ ಪಾಯಿಂಟರ್‌ನಿಂದಲೇ ಕಳುಹಿಸಿದವರ ವಿಳಾಸ ಓದಿದ್ದಾರೆ. ದೋಷ ಅಲ್ಲಿದೆ. ಬೇಕಾದ ಬೈಟ್‌ಗಳು ಚದುರಿದ ಪುಟಗಳಲ್ಲಿದ್ದರೆ ಆ ಕರೆ ಅವನ್ನು ನೇರ ಭಾಗಕ್ಕೆ ಎಳೆದು ತರುತ್ತದೆ. ಜಾಗ ಸಾಲದಿದ್ದರೆ ಬಫರನ್ನೇ ಹೊಸ ಜಾಗಕ್ಕೆ ಸಾಗಿಸುತ್ತದೆ. ಆಗ ಹಳೆಯ ಪಾಯಿಂಟರ್ ಬಿಡುಗಡೆಯಾದ ಮೆಮೊರಿಯನ್ನು ತೋರಿಸುತ್ತಿರುತ್ತದೆ. ಬರೆದವರ ಯಂತ್ರದಲ್ಲಿ ಪ್ಯಾಕೆಟ್ ಯಾವಾಗಲೂ ನೇರ ಭಾಗದಲ್ಲೇ ಬಂದಿರಬಹುದು, ಅವರ ಪರೀಕ್ಷೆಯೂ ಸರಾಗವಾಗಿ ಪಾಸಾಗಿರಬಹುದು. ಬೇರೆ ಕಾರ್ಡ್‌ನ ಡ್ರೈವರ್ ಬೇರೆ ರೀತಿ ತುಂಬಿಸಿ ಕೊಟ್ಟ ದಿನ ಇದು ಸಿಡಿಯುತ್ತದೆ. ಹೆಡರ್ ಪಾಯಿಂಟರ್ ಹಿಡಿದ ಸಾಲಿಗೂ ಬಳಸಿದ ಸಾಲಿಗೂ ನಡುವೆ ಬಫರ್ ಅಲುಗಿಸುವ ಕರೆ ಇದೆಯೇ ಎಂದು ಬೆರಳಿಟ್ಟು ಹುಡುಕಿ.

ಎರಡನೆಯದು, ಉದ್ದವನ್ನು ಪ್ಯಾಕೆಟ್ಟೇ ಹೇಳುವ ಜಾಗಗಳು. ಪ್ರಕಾರ, ಉದ್ದ, ಮೌಲ್ಯ ಎಂಬ ಸಾಲಿನಲ್ಲಿ ಆಯ್ಕೆಗಳು ಬರುವ ಪ್ರೋಟೊಕಾಲ್‌ಗಳಲ್ಲಿ ಲೂಪ್ ಇರುತ್ತದೆ. ಉದ್ದ ಸೊನ್ನೆ ಎಂದು ಬಂದರೆ? ಲೂಪ್ ಮುಂದೆ ಸರಿಯುವುದೇ ಇಲ್ಲ. ಉಳಿದ ಬೈಟ್‌ಗಳಿಗಿಂತ ದೊಡ್ಡದು ಎಂದು ಬಂದರೆ? ಗಡಿ ದಾಟಿ ಓದುತ್ತದೆ. ಟಿಸಿಪಿಯ ಆಯ್ಕೆಗಳನ್ನು ಓದುವ ಹಳೆಯ ಫಂಕ್ಷನ್ ತೆರೆದು ನೋಡಿ: ಉದ್ದ ಎರಡಕ್ಕಿಂತ ಕಡಿಮೆಯಿದ್ದರೆ ಅಲ್ಲೇ ವಾಪಸ್ಸು, ಪಕ್ಕದಲ್ಲಿ ‘ಸಿಲ್ಲಿ ಆಪ್ಷನ್ಸ್’ ಎಂಬ ಟಿಪ್ಪಣಿ, ಉಳಿದದ್ದಕ್ಕಿಂತ ಹೆಚ್ಚಿದ್ದರೂ ವಾಪಸ್ಸು. ಹೊಸ ಪ್ಯಾಚ್‌ನ ಲೂಪ್‌ನಲ್ಲಿ ಈ ಎರಡು ಸಾಲುಗಳ ಒಡಹುಟ್ಟುಗಳು ಕಾಣದಿದ್ದರೆ ಮುಂದೆ ಓದುವ ಅಗತ್ಯವೇ ಇಲ್ಲ, ಉತ್ತರ ಬರೆಯಲು ಕುಳಿತುಕೊಳ್ಳಿ.

ಬೈಟ್ ಕ್ರಮದ ತಪ್ಪುಗಳನ್ನು ನಿಮ್ಮ ಕಣ್ಣಿಗಿಂತ ‘ಸ್ಪಾರ್ಸ್’ ಎಂಬ ಕೋಡ್ ತಪಾಸಣೆಯ ಸಲಕರಣೆ ಚೆನ್ನಾಗಿ ಹಿಡಿಯುತ್ತದೆ. ಅದನ್ನು ಓಡಿಸಿ, ಸುಮ್ಮನೆ ಕಣ್ಣು ನೋಯಿಸಿಕೊಳ್ಳಬೇಡಿ.

ಕಾಗದದ ಮೇಲೆ ಲೆಕ್ಕ ಹಾಕಿ

ಪ್ರೋಟೊಕಾಲ್ ಕೋಡ್‌ನಲ್ಲಿ ಎಣಿಸುವ ಪ್ರತಿ ಚರಕ್ಕೂ ಅಗಲ ಇದೆ, ಆ ಅಗಲಕ್ಕೆ ಮಿತಿ ಇದೆ. ಆ ಮಿತಿ ಮುಟ್ಟಲು ಸಾಧ್ಯವೇ ಎಂಬುದನ್ನು ಅಂದಾಜಿನಿಂದ ಹೇಳಬಾರದು, ಗುಣಿಸಿ ನೋಡಬೇಕು. ಇದಕ್ಕೆ 2019ರ ಜೂನ್‌ನಲ್ಲಿ ಬಯಲಾದ ‘ಸ್ಯಾಕ್ ಪ್ಯಾನಿಕ್’ ಎಂಬ ಟಿಸಿಪಿ ದೋಷಕ್ಕಿಂತ ಒಳ್ಳೆಯ ಪಾಠವಿಲ್ಲ. ನೆಟ್‌ಫ್ಲಿಕ್ಸ್‌ನ ಜೊನಾಥನ್ ಲೂನಿ ಪತ್ತೆ ಮಾಡಿದ ಈ ದೋಷಕ್ಕೆ ಸಿವಿಇ-2019-11477 ಎಂಬ ಗುರುತು ಸಿಕ್ಕಿತು.

ಲೆಕ್ಕ ಹೀಗಿದೆ. ಟಿಸಿಪಿ ಕಳುಹಿಸುವ ಬಫರ್ ಒಂದರಲ್ಲಿ 17 ತುಣುಕುಗಳವರೆಗೆ ಇರಬಹುದು. ಎಕ್ಸ್86 ಯಂತ್ರದಲ್ಲಿ ಒಂದೊಂದು ತುಣುಕು 32 ಕಿಲೋಬೈಟ್‌ವರೆಗೆ ಹಿಡಿಯುತ್ತದೆ. ಆ ಬಫರ್‌ನಲ್ಲಿ ಎಷ್ಟು ಸೆಗ್ಮೆಂಟ್‌ಗಳಿವೆ (ಅಂದರೆ ಒಂದೊಂದು ಪ್ಯಾಕೆಟ್‌ನಲ್ಲಿ ಹೋಗುವ ಪಾಲುಗಳಿವೆ) ಎಂಬ ಎಣಿಕೆಯನ್ನು ಇಟ್ಟದ್ದು 16 ಬಿಟ್‌ಗಳಲ್ಲಿ, ಅಂದರೆ ಗರಿಷ್ಠ 65,535. ಸಾಮಾನ್ಯವಾಗಿ ಒಂದು ಸೆಗ್ಮೆಂಟ್ ಸಾವಿರಕ್ಕೂ ಹೆಚ್ಚು ಬೈಟ್ ಇರುವುದರಿಂದ ಆ ಎಣಿಕೆ ಕೆಲವು ನೂರನ್ನು ದಾಟುವುದಿಲ್ಲ. ಆದರೆ ಸೆಗ್ಮೆಂಟ್‌ನ ಗಾತ್ರ ಎಷ್ಟಿರಬೇಕೆಂದು ಹೇಳುವ ಹಕ್ಕು ಎದುರಿನವನಿಗೂ ಇದೆ. ಅವನು ಕನಿಷ್ಠ 48 ಎಂದ. ಅದರಲ್ಲಿ 40 ಬೈಟ್ ಟಿಸಿಪಿ ಆಯ್ಕೆಗಳಿಗೆ ಹೋದರೆ ದತ್ತಾಂಶಕ್ಕೆ ಉಳಿಯುವುದು 8. ಈಗ 17 ಗುಣಿಸು 32 ಗುಣಿಸು 1024, ಭಾಗಿಸು 8. ಬರುವ ಉತ್ತರ 69,632. ಎಣಿಕೆ ಸುತ್ತಿ ಸೊನ್ನೆ ದಾಟಿತು, ಒಳಗಿದ್ದ ‘ಬಗ್_ಆನ್’ ಪರೀಕ್ಷೆ ಅದನ್ನು ಕಂಡು ಇಡೀ ಕರ್ನಲನ್ನು ನಿಲ್ಲಿಸಿತು. ದೂರದಲ್ಲಿ ಕುಳಿತು, ಯಾವ ಭಾಗಗಳು ತಲುಪಿವೆ ಎಂದು ತಿಳಿಸುವ ಸ್ಯಾಕ್ ಸಂದೇಶಗಳನ್ನು ಒಂದು ಕ್ರಮದಲ್ಲಿ ಕಳುಹಿಸಿ ಸರ್ವರ್ ಕೆಡವಬಹುದಾಗಿತ್ತು. 2009ರಲ್ಲಿ ಬಿಡುಗಡೆಯಾದ 2.6.29 ಆವೃತ್ತಿಯಿಂದಲೂ ಇದು ಅಲ್ಲೇ ಕುಳಿತಿತ್ತು.

ಹತ್ತು ವರ್ಷ ಎಷ್ಟೋ ನುರಿತ ಕಣ್ಣುಗಳ ಮುಂದೆ ಈ ಗುಣಾಕಾರ ಇತ್ತು. ಆದ್ದರಿಂದ ನಿಮ್ಮ ಪರಿಶೀಲನೆಯಲ್ಲಿ ಪ್ರತಿ ಎಣಿಕೆಗೂ ಎರಡು ಸಂಖ್ಯೆ ಬರೆದುಕೊಳ್ಳಿ: ಚರ ಹಿಡಿಯಬಲ್ಲ ಗರಿಷ್ಠ, ಶತ್ರು ಮುಟ್ಟಿಸಬಲ್ಲ ಗರಿಷ್ಠ. ಎರಡನೆಯದು ದೊಡ್ಡದಾದರೆ ಪ್ಯಾಚ್ ವಾಪಸ್ಸು. ದೂರದಿಂದ ಬರುವ ಪ್ಯಾಕೆಟ್ ಮುಟ್ಟಬಹುದಾದ ದಾರಿಯಲ್ಲಿ ಹೊಸ ‘ಬಗ್_ಆನ್’ ಕಂಡರೂ ಅಷ್ಟೇ.

ಇದೇ ಪ್ರಕರಣದಲ್ಲಿ ಇನ್ನೊಂದು ಪಾಠವಿದೆ. ಜೊತೆಗೆ ಬಂದ ಮತ್ತೊಂದು ತಿದ್ದುಪಡಿ ಟಿಸಿಪಿ ಕಳುಹಿಸುವ ಸಾಲಿನ ಮೆಮೊರಿಗೆ ಮಿತಿ ಹಾಕಿತು. ಕಳುಹಿಸುವ ಬಫರನ್ನು ತೀರಾ ಚಿಕ್ಕದಾಗಿಟ್ಟುಕೊಂಡಿದ್ದ ಕೆಲವು ಪ್ರೋಗ್ರಾಮ್‌ಗಳು ಅದರಿಂದ ಮುಗ್ಗರಿಸಿದವು. ಕೆಲವೇ ದಿನಗಳಲ್ಲಿ ತಿದ್ದುಪಡಿಗೊಂದು ತಿದ್ದುಪಡಿ ಬಂತು. ಭದ್ರತೆಯ ಪ್ಯಾಚ್ ಎಂದಾಕ್ಷಣ ಕೈಮುಗಿದು ಬಿಡುವುದು ಬೇಡ.

ಟಿಸಿಪಿ ಬೈಟ್‌ಗಳಿಗೆ ಕೊಡುವ ಕ್ರಮಸಂಖ್ಯೆಗಳ ಹೋಲಿಕೆಯೂ ಲೆಕ್ಕದ ವಿಷಯವೇ. 32 ಬಿಟ್‌ಗಳ ಆ ಸಂಖ್ಯೆ ಸೆಕೆಂಡಿಗೆ 10 ಗಿಗಾಬಿಟ್ ಸಾಗುವ ಸಂಪರ್ಕದಲ್ಲಿ ಮೂರೂವರೆ ಸೆಕೆಂಡಿನೊಳಗೆ ಒಂದು ಸುತ್ತು ಮುಗಿಸುತ್ತದೆ. ಹೊಸ ಕೋಡ್ ‘ಬಿಫೋರ್’, ‘ಆಫ್ಟರ್’ ಎಂಬ ಸಹಾಯಕ ಫಂಕ್ಷನ್‌ಗಳನ್ನು ಬಿಟ್ಟು ನೇರವಾಗಿ ‘ಕಡಿಮೆ’, ‘ಹೆಚ್ಚು’ ಚಿಹ್ನೆ ಬಳಸಿ ಹೋಲಿಸಿದ್ದರೆ ಅದು ಪ್ರತಿ ಸುತ್ತಿನ ಕೊನೆಯಲ್ಲಿ ತಪ್ಪು ಉತ್ತರ ಕೊಡುತ್ತದೆ.

ಆರ್‌ಎಫ್‌ಸಿ ಹೇಳಿದೆ ಎಂದ ಮಾತ್ರಕ್ಕೆ

ಪ್ರೋಟೊಕಾಲ್ ಪ್ಯಾಚ್‌ನ ಟಿಪ್ಪಣಿಯಲ್ಲಿ ಆರ್‌ಎಫ್‌ಸಿ (ಪ್ರೋಟೊಕಾಲ್‌ನ ನಿಯಮ ಹೇಳುವ ದಾಖಲೆ) ಸಂಖ್ಯೆ ಇದ್ದರೆ ಆ ವಿಭಾಗವನ್ನು ತೆರೆದು ಪಕ್ಕದಲ್ಲಿಟ್ಟುಕೊಂಡು ಓದಿ. ‘ಕಡ್ಡಾಯ’ ಎಂದಿದೆಯೇ, ‘ಮಾಡುವುದು ಒಳ್ಳೆಯದು’ ಎಂದಿದೆಯೇ ನೋಡಿ. ಆದರೆ ಅಕ್ಷರಶಃ ಪಾಲಿಸಿದ್ದಾರೆ ಎಂಬುದು ಒಪ್ಪಿಗೆಗೆ ಸಾಲುವ ಕಾರಣವಲ್ಲ. 2010ರ ಆರ್‌ಎಫ್‌ಸಿ 5961, ಸಂಪರ್ಕವನ್ನು ನೋಡಲಾಗದೆ ಊಹೆಯಿಂದಲೇ ನಡೆಸುವ ಕುರುಡು ದಾಳಿಗಳಿಂದ ಟಿಸಿಪಿಯನ್ನು ಕಾಪಾಡಲೆಂದು, ಅನುಮಾನಾಸ್ಪದ ಪ್ಯಾಕೆಟ್‌ಗೆ ‘ಚಾಲೆಂಜ್ ಆಕ್’ ಎಂಬ ಮರುಪ್ರಶ್ನೆಯ ಉತ್ತರ ಕಳುಹಿಸಿ, ಅವುಗಳ ಪ್ರಮಾಣಕ್ಕೆ ಮಿತಿಯನ್ನೂ ಇಡಿ ಎಂದಿತು. ಲಿನಕ್ಸ್ 3.6 ಅದನ್ನು ನಿಷ್ಠೆಯಿಂದ ಜಾರಿಗೆ ತಂದಿತು: ಇಡೀ ಯಂತ್ರಕ್ಕೆ ಸೆಕೆಂಡಿಗೆ 100. ಆ ಮಿತಿ ಎಲ್ಲ ಸಂಪರ್ಕಗಳಿಗೂ ಒಂದೇ ಹುಂಡಿ. ದಾಳಿಕೋರ ಬೇರೆಯವರ ವಿಳಾಸದ ಹೆಸರಿನಲ್ಲಿ ಪ್ಯಾಕೆಟ್ ಕಳುಹಿಸಿ, ಆಮೇಲೆ ತನ್ನದೇ ಸಂಪರ್ಕದಲ್ಲಿ ನೂರರಲ್ಲಿ ಎಷ್ಟು ಉಳಿದಿವೆ ಎಂದು ಎಣಿಸಿದರೆ, ತನ್ನ ಊಹೆ ಸರಿಯೋ ತಪ್ಪೋ ತಿಳಿದುಬಿಡುತ್ತಿತ್ತು. 2016ರಲ್ಲಿ ಸಿವಿಇ-2016-5696 ಎಂದು ಇದು ಹೊರಬಂದಾಗ ಮಿತಿಯನ್ನು 1000ಕ್ಕೆ ಏರಿಸಿ, ಅದಕ್ಕೆ ಯಾದೃಚ್ಛಿಕತೆ ಬೆರೆಸಬೇಕಾಯಿತು.

ಹೊಸ ಪ್ಯಾಚ್‌ನಲ್ಲಿ ಎಲ್ಲರಿಗೂ ಹಂಚಿಕೆಯಾಗುವ ಎಣಿಕೆ, ಸಾಲು, ಹ್ಯಾಶ್ ಕೋಷ್ಟಕ ಯಾವುದು ಕಂಡರೂ ಕೇಳಿ: ಇದರ ಸ್ಥಿತಿಯನ್ನು ಹೊರಗಿನವನು ಅಳೆಯಬಹುದೇ? ಒಬ್ಬನೇ ಎಲ್ಲವನ್ನೂ ತುಂಬಿಬಿಡಬಹುದೇ?

ಬಳಕೆದಾರರಿಗೆ ಕೊಟ್ಟದ್ದು ವಾಪಸ್ಸು ಬರುವುದಿಲ್ಲ

ಒಳಗಿನ ಕೋಡ್ ಕೆಟ್ಟದ್ದಾಗಿದ್ದರೆ ನಾಳೆ ಬದಲಾಯಿಸಬಹುದು. ಹೊಸ ಸಿಸ್‌ಸಿಟಿಎಲ್, ಹೊಸ ಸಾಕೆಟ್ ಆಯ್ಕೆ, ಹೊಸ ನೆಟ್‌ಲಿಂಕ್ ಅಂಶ, ಅಂದರೆ ಬಳಕೆದಾರರು ಕರ್ನಲನ್ನು ಹೊಂದಿಸಿಕೊಳ್ಳುವ ಗುಂಡಿಗಳು, ಇವು ಒಮ್ಮೆ ಬಿಡುಗಡೆಯಾದರೆ ಹೆಚ್ಚುಕಡಿಮೆ ಶಾಶ್ವತ. ನನ್ನ ಮಟ್ಟಿಗೆ ಪರಿಶೀಲನೆಯ ಸಮಯದ ಅರ್ಧವನ್ನು ಇಲ್ಲಿ ಖರ್ಚು ಮಾಡಿದರೂ ನಷ್ಟವಿಲ್ಲ. ಈ ಗುಂಡಿ ನಿಜಕ್ಕೂ ಬೇಕೇ, ಅಥವಾ ಬರೆದವರಿಗೆ ಸರಿಯಾದ ಮೌಲ್ಯ ಯಾವುದೆಂದು ತೀರ್ಮಾನಿಸಲಾಗದೆ ಬಳಕೆದಾರರ ತಲೆಗೆ ಕಟ್ಟಿದ್ದಾರೆಯೇ? ನೆಟ್‌ವರ್ಕ್ ನೇಮ್‌ಸ್ಪೇಸ್‌ಗೊಂದರಂತೆ (ಯಂತ್ರದೊಳಗಿನ ಪ್ರತ್ಯೇಕ ನೆಟ್‌ವರ್ಕ್ ಆವರಣಕ್ಕೊಂದರಂತೆ) ಇದೆಯೇ, ಇಡೀ ಯಂತ್ರಕ್ಕೆ ಒಂದೇ ಇದೆಯೇ? ಒಳಬರುವ ಮೌಲ್ಯಕ್ಕೆ ಗಡಿ ಹಾಕಿದ್ದಾರೆಯೇ?

‘ಟಿಸಿಪಿ_ಟಿಡಬ್ಲ್ಯು_ರೀಸೈಕಲ್’ ಎಂಬ ಗುಂಡಿಯ ಕಥೆ ಸರ್ವರ್ ನೋಡಿಕೊಳ್ಳುವವರಿಗೆ ನೆನಪಿರಬಹುದು. ಕಾಯುವ ಸ್ಥಿತಿಯ ಸಂಪರ್ಕಗಳನ್ನು ಬೇಗ ಖಾಲಿ ಮಾಡುತ್ತದೆ ಎಂದು ಅಂತರ್ಜಾಲದ ಸಲಹೆ ನಂಬಿ ಜನ ಒತ್ತುತ್ತಿದ್ದರು. ಅದು ಒಂದು ವಿಳಾಸದಿಂದ ಬರುವ ಸಮಯಮುದ್ರೆಗಳು ಏರುತ್ತಲೇ ಹೋಗುತ್ತವೆ ಎಂದು ನಂಬಿತ್ತು. ಹಲವು ಸಾಧನಗಳು ಹಂಚಿಕೊಳ್ಳುವ ಒಂದೇ ನ್ಯಾಟ್ ವಿಳಾಸದ ಹಿಂದೆ ಹಲವು ಮೊಬೈಲ್‌ಗಳಿದ್ದರೆ ಕೆಲವರ ಸಂಪರ್ಕ ಕಾರಣವೇ ಹೇಳದೆ ಬಿದ್ದುಹೋಗುತ್ತಿತ್ತು. ಲಿನಕ್ಸ್ 4.10ರಲ್ಲಿ ಸಂಪರ್ಕಕ್ಕೊಂದು ಬೇರೆ ಸಮಯಮುದ್ರೆ ಬಂದ ಮೇಲೆ ಅದಕ್ಕೆ ಅರ್ಥವೇ ಉಳಿಯಲಿಲ್ಲ. 2017ರ 4.12ರಲ್ಲಿ ಕಿತ್ತುಹಾಕಿದರು. ಹಾಗೆ ಕಿತ್ತುಹಾಕಲು ಸಾಧ್ಯವಾಗುವುದು ಅಪರೂಪ.

ಲಾಕ್‌ಗಳು ಮತ್ತು ಸೋಲಿನ ದಾರಿಗಳು

ಪ್ಯಾಕೆಟ್ ಸ್ವೀಕರಿಸುವ ದಾರಿ ಸಾಮಾನ್ಯವಾಗಿ ಸಾಫ್ಟ್‌ಐಆರ್‌ಕ್ಯುನಲ್ಲಿ, ಅಂದರೆ ಕರ್ನಲ್ ನಿದ್ರಿಸಲಾಗದ ತುರ್ತು ಹಂತದಲ್ಲಿ, ಓಡುತ್ತದೆ. ಅಲ್ಲಿ ನಿದ್ರಿಸಬಹುದಾದ ಮೆಮೊರಿ ಬೇಡಿಕೆ ಇರಬಾರದು. ಆರ್‌ಸಿಯು (ಓದುವವರನ್ನು ಕಾಯಿಸದ ಲಾಕ್ ವಿಧಾನ) ಪಾಯಿಂಟರ್ ಓದುವ ಲಾಕ್ ಬಿಟ್ಟ ಮೇಲೂ ಬಳಕೆಯಾಗುತ್ತಿದೆಯೇ ನೋಡಿ. ಸೋತಾಗ ಹಿಂದಿರುಗುವ ಪ್ರತಿ ದಾರಿಯಲ್ಲೂ ಬಫರ್ ಒಮ್ಮೆ, ಒಮ್ಮೆ ಮಾತ್ರ, ಬಿಡುಗಡೆಯಾಗಬೇಕು. ‘ಮೆಮೊರಿ ಸೋರಿಕೆ ಸರಿಪಡಿಸಿದೆ’ ಎಂಬ ಎರಡು ಸಾಲಿನ ಪ್ಯಾಚ್‌ಗಳನ್ನು ಕಣ್ಣು ಮುಚ್ಚಿ ಒಪ್ಪುವ ಚಾಳಿ ಅಪಾಯದ್ದು. ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಇಂಥದೇ ಸಣ್ಣ ಪ್ಯಾಚ್‌ಗಳ ವೇಷದಲ್ಲಿ ದೋಷ ತೂರಿಸಬಹುದೇ ಎಂದು ಪ್ರಯೋಗ ಮಾಡಿದ್ದು 2021ರ ಏಪ್ರಿಲ್‌ನಲ್ಲಿ ದೊಡ್ಡ ಜಗಳವಾಯಿತು. ಬಿಡುಗಡೆಯ ಕರೆ ಸೇರಿಸಿದ್ದಾರೆಂದರೆ, ಅದೇ ವಸ್ತುವನ್ನು ಕರೆದವರೂ ಬಿಡುಗಡೆ ಮಾಡುತ್ತಾರೆಯೇ ಎಂದು ಒಂದು ಮೆಟ್ಟಿಲು ಮೇಲೆ ಹತ್ತಿ ನೋಡಿ.

ಪರೀಕ್ಷೆ

ಪ್ಯಾಚ್‌ಗಳ ಸ್ಥಿತಿ ತೋರಿಸುವ ಪ್ಯಾಚ್‌ವರ್ಕ್ ಪುಟದಲ್ಲಿ ಸ್ವಯಂಚಾಲಿತ ಪರೀಕ್ಷೆಗಳ ಫಲ ಬಣ್ಣಬಣ್ಣವಾಗಿ ಕಾಣುತ್ತದೆ. ಕಂಪೈಲ್ ಆಗುತ್ತದೆಯೇ, ಎಚ್ಚರಿಕೆ ಹೆಚ್ಚಿದೆಯೇ ಎಂಬುದನ್ನು ಅದು ನೋಡಿಕೊಳ್ಳುತ್ತದೆ. ಅದನ್ನಷ್ಟೇ ನಂಬಿ ಕೂರಬೇಡಿ. ಮೆಮೊರಿ ತಪ್ಪು ಹಿಡಿಯುವ ‘ಕೆಎಸ್ಯಾನ್’ ಮತ್ತು ಲಾಕ್ ತಪ್ಪು ಹಿಡಿಯುವ ‘ಲಾಕ್‌ಡೆಪ್’ ಚಾಲೂ ಮಾಡಿದ ಕರ್ನಲನ್ನು ‘ವರ್ಟ್‌ಮಿ-ಎನ್‌ಜಿ’ ಎಂಬ ವರ್ಚುವಲ್ ಯಂತ್ರದ ಸಲಕರಣೆಯಲ್ಲಿ ಬೂಟ್ ಮಾಡಿ. ಎರಡು ನೇಮ್‌ಸ್ಪೇಸ್ ಸೃಷ್ಟಿಸಿ, ನಡುವೆ ‘ವೆಥ್’ ಎಂಬ ವರ್ಚುವಲ್ ನೆಟ್‌ವರ್ಕ್ ಕಾರ್ಡ್‌ಗಳ ಜೋಡಿ ಎಳೆದು, ‘ನೆಟ್‌ಎಮ್’ನಿಂದ ಪ್ಯಾಕೆಟ್ ಕಳೆದುಹೋಗುವಂತೆ, ಹಿಂದುಮುಂದಾಗುವಂತೆ ಮಾಡಿ. ಟಿಸಿಪಿಯ ವರ್ತನೆ ಬದಲಿಸುವ ಪ್ಯಾಚ್‌ಗೆ ‘ಪ್ಯಾಕೆಟ್‌ಡ್ರಿಲ್’ ಕಡತ ಜೊತೆಗಿದೆಯೇ ಕೇಳಿ. ಯಾವ ಕ್ಷಣಕ್ಕೆ ಯಾವ ಪ್ಯಾಕೆಟ್ ಬಂದರೆ ಯಾವುದು ಹೊರಡಬೇಕು ಎಂದು ಅದರಲ್ಲಿ ಸಾಲುಸಾಲಾಗಿ ಬರೆಯಬಹುದು. ಒಳ್ಳೆಯ ಪರೀಕ್ಷೆಯ ಗುರುತು ಇಷ್ಟೇ: ಪ್ಯಾಚ್ ತೆಗೆದರೆ ಅದು ಸೋಲಬೇಕು. ತೆಗೆದು ಓಡಿಸಿ ನೋಡಿ.

ಉತ್ತರ ಬರೆಯುವುದು, ಸಹಿ ಹಾಕುವುದು

ಪ್ಯಾಚ್‌ನ ಸಾಲುಗಳನ್ನು ಉಲ್ಲೇಖಿಸಿ, ಸಂಬಂಧಪಟ್ಟ ಸಾಲಿನ ಕೆಳಗೇ ಮಾತು ಬರೆಯಿರಿ, ಉಳಿದದ್ದನ್ನು ಕತ್ತರಿಸಿ. ‘ಇದು ಸರಿಯಿಲ್ಲ’ ಎನ್ನುವುದಕ್ಕಿಂತ ‘ಉದ್ದ 3 ಎಂದು ಬಂದರೆ ಈ ಸಾಲು ಏನು ಓದುತ್ತದೆ?’ ಎಂದು ಕೇಳಿದರೆ ವಾದ ಬೆಳೆಯುವುದಿಲ್ಲ, ಬರೆದವರು ತಾವೇ ಲೆಕ್ಕ ಹಾಕಿ ಒಪ್ಪುತ್ತಾರೆ. ತಡೆಯುವ ದೋಷ ಯಾವುದು, ಬರೀ ಅಭಿರುಚಿಯ ಮಾತು ಯಾವುದು ಎಂದು ಸ್ಪಷ್ಟವಾಗಿ ಬೇರ್ಪಡಿಸಿ. ಚರಗಳ ಘೋಷಣೆ ಉದ್ದದಿಂದ ಗಿಡ್ಡಕ್ಕೆ, ತಲೆಕೆಳಗಾದ ಕ್ರಿಸ್‌ಮಸ್ ಮರದಂತೆ ಇಳಿಯಬೇಕೆಂಬ ನಿಯಮ ಇಲ್ಲಿದೆ ನಿಜ. ಅದೊಂದನ್ನೇ ಹುಡುಕಿ ಹತ್ತು ಉತ್ತರ ಬರೆಯುವವರನ್ನು ಯಾರೂ ಪರಿಶೀಲಕರೆಂದು ಎಣಿಸುವುದಿಲ್ಲ. ಪ್ಯಾಚ್ ಬಂದ 24 ಗಂಟೆಯೊಳಗೆ ಹೊಸ ಆವೃತ್ತಿ ಕಳುಹಿಸಬಾರದೆಂಬ ನಿಯಮ ಬೆಂಗಳೂರಿನಲ್ಲಿ ಕುಳಿತು ಕೆಲಸ ಮಾಡುವವರಿಗೆ ವರವೇ ಸರಿ: ಅಮೆರಿಕದವರು ಮಲಗಿರುವಾಗ ನೀವು ನಿಧಾನವಾಗಿ ಓದಬಹುದು.

ಆಮೇಲೆ ಸಹಿ. ‘ಆಕ್ಡ್-ಬೈ’ ಎಂದರೆ ದಿಕ್ಕು ಒಪ್ಪಿದೆ ಎಂದು. ಸಂಬಂಧಪಟ್ಟ ಕೋಡ್ ನೋಡಿಕೊಳ್ಳುವವರು ಸಾಮಾನ್ಯವಾಗಿ ಬಳಸುತ್ತಾರೆ. ‘ಟೆಸ್ಟೆಡ್-ಬೈ’ ಎಂದರೆ ಓಡಿಸಿ ನೋಡಿದ್ದೇನೆ ಎಂದು; ಎಲ್ಲಿ, ಹೇಗೆ ಎಂದು ಒಂದು ಸಾಲು ಸೇರಿಸಿ. ‘ರಿವ್ಯೂಡ್-ಬೈ’ ಎಂಬುದು ಸಾಲದ ಜಾಮೀನಿನಂತೆ ಅಲ್ಲ, ಕೋಡ್ ದೋಷರಹಿತ ಎಂದು ನೀವು ಪ್ರಮಾಣ ಮಾಡುತ್ತಿಲ್ಲ; ನನ್ನ ಶಕ್ತಿಯಿದ್ದಷ್ಟು ನೋಡಿದ್ದೇನೆ, ಎತ್ತಿದ ಪ್ರಶ್ನೆಗಳಿಗೆ ತೃಪ್ತಿಕರ ಉತ್ತರ ಸಿಕ್ಕಿದೆ ಎಂದಷ್ಟೇ. ಇಡೀ ಸರಣಿಯಲ್ಲಿ ಎರಡೇ ಪ್ಯಾಚ್ ಓದಿದ್ದರೆ ಆ ಎರಡಕ್ಕೇ ಹಾಕಿ. ನಿಮ್ಮದೇ ಕಂಪನಿಯ ಸಹೋದ್ಯೋಗಿಯ ಪ್ಯಾಚ್‌ಗೆ, ಚರ್ಚೆಯ ಒಂದು ಸಾಲೂ ಬಹಿರಂಗವಾಗಿ ಇಲ್ಲದೆ, ಮೊದಲ ಆವೃತ್ತಿಯಲ್ಲೇ ನಿಮ್ಮ ಸಹಿ ಬಂದಿದ್ದರೆ ಅದಕ್ಕೆ ಹೊರಗಿನವರ ಒಂದು ಪ್ರಶ್ನೆಯಷ್ಟೂ ಬೆಲೆ ಇರುವುದಿಲ್ಲ. ಬೇರೆ ಕಂಪನಿಯವರ ಪ್ಯಾಚ್‌ಗಳನ್ನೂ ಓದಿ. ಚಿಪ್ ತಯಾರಕರ ಕಚೇರಿಗಳು ತುಂಬಿರುವ ನಮ್ಮೂರಿನಿಂದ ಆ ಕೆಲಸ ಇನ್ನೂ ಹೆಚ್ಚು ಆಗಬೇಕು.

ಮೇಂಟೇನರ್ ಸ್ವೀಕರಿಸುವ ಹೊತ್ತು

ಕೊನೆಯ ಒಪ್ಪಿಗೆ ಮೇಂಟೇನರ್‌ಗಳದ್ದು. ದೀರ್ಘಕಾಲ ಡೇವಿಡ್ ಮಿಲ್ಲರ್ ಹೊತ್ತಿದ್ದ ಈ ಹೊರೆಯಲ್ಲಿ ಈಗ ಯಾಕುಬ್ ಕಿಚಿನ್ಸ್ಕಿ, ಪಾವ್ಲೊ ಅಬೇನಿ, ಎರಿಕ್ ಡುಮಾಜೆ ಮುಂತಾದವರ ಪಾಲಿದೆ. ಅವರು ಪ್ಯಾಚ್‌ವರ್ಕ್‌ನಲ್ಲಿ ಸ್ಥಿತಿ ನೋಡುತ್ತಾರೆ: ಪರಿಶೀಲನೆಯಲ್ಲಿದೆ, ಬದಲಾವಣೆ ಕೇಳಿದೆ, ಸ್ವೀಕರಿಸಿದೆ. ನೀವು ದೋಷ ಎತ್ತಿದ್ದು ಅವರ ಕಣ್ಣಿಗೆ ಬಿದ್ದರೆ ಸ್ಥಿತಿ ಬದಲಾಗುತ್ತದೆ. ಎತ್ತಬೇಕೆಂದುಕೊಂಡು ನಾಳೆಗೆ ಮುಂದೂಡಿದರೆ ಅಷ್ಟರಲ್ಲಿ ಪ್ಯಾಚ್ ಒಳಗೆ ಹೋಗಿರುತ್ತದೆ. ಪೂರ್ತಿ ಓದಲು ಸಮಯ ಬೇಕಿದ್ದರೆ ‘ಗುರುವಾರದೊಳಗೆ ನೋಡುತ್ತೇನೆ’ ಎಂದು ಒಂದು ಸಾಲು ಕಳುಹಿಸಿ, ಕಾಯುತ್ತಾರೆ. ಹೇಳಿ ನೋಡದಿದ್ದರೆ ಮುಂದಿನ ಬಾರಿ ಕಾಯುವುದಿಲ್ಲ.

ಒಳಗೆ ಹೋದ ಮೇಲೂ ಕೆಲವು ವಾರ ಕಣ್ಣಿಟ್ಟಿರಿ. ‘ಸಿಝ್‌ಬಾಟ್’ ಎಂಬ ಸ್ವಯಂಚಾಲಿತ ವ್ಯವಸ್ಥೆ ಹಗಲೂ ರಾತ್ರಿ ವಿಚಿತ್ರ ಕರೆಗಳನ್ನು ತೂರಿ ಕರ್ನಲ್ ಕೆಡವಲು ಯತ್ನಿಸುತ್ತಿರುತ್ತದೆ. ನೀವು ಒಪ್ಪಿದ ಫಂಕ್ಷನ್‌ನ ಹೆಸರು ಅದರ ವರದಿಯಲ್ಲಿ ಬಂದರೆ ಬರೆದವರ ಜೊತೆ ನೀವೂ ಕುಳಿತುಕೊಳ್ಳಬೇಕು. ಬೇಗ ಸರಿಹೋಗದಿದ್ದರೆ ಹಿಂದಕ್ಕೆ ತೆಗೆದುಕೊಳ್ಳುವ ಪ್ಯಾಚ್‌ಗೂ ಹಿಂಜರಿಯದೆ ಒಪ್ಪಿಗೆ ಕೊಡಿ. ವರ್ಷಗಳ ನಂತರ ಯಾರಾದರೂ ಅದೇ ಕಮಿಟನ್ನು ‘ಫಿಕ್ಸಸ್’ ಸಾಲಿನಲ್ಲಿ ಹೆಸರಿಸಿ ತಿದ್ದುಪಡಿ ಕಳುಹಿಸಿದಾಗ, ಮೇಂಟೇನರ್ ಹುಡುಕುವ ಸ್ಕ್ರಿಪ್ಟ್ ಆ ಹಳೆಯ ಸಹಿಯನ್ನು ನೋಡಿ ನಿಮ್ಮ ವಿಳಾಸವನ್ನೂ ಪ್ರತಿ ಕಳುಹಿಸುವವರ ಪಟ್ಟಿಗೆ ಸೇರಿಸುತ್ತದೆ. ಕಮಿಟ್ ಟಿಪ್ಪಣಿಯಲ್ಲಿರುವ ಕೊಂಡಿಯಿಂದ ಹಳೆಯ ಚರ್ಚೆ ತೆರೆದು, ಅಂದು ಯಾವ ಪ್ರಶ್ನೆ ಕೇಳದೆ ಬಿಟ್ಟಿದ್ದಿರಿ ಎಂದು ಹುಡುಕಿ, ಅದನ್ನು ಹೊಸ ಪ್ಯಾಚ್‌ನ ಕೆಳಗೆ ಕೇಳಿ.